ಮೀನಿನ ಹಿಂಡು ತಿಮಿಂಗಿಲದ ಬಾಯಿಂದ ತಪ್ಪಿಸಿಕೊಳ್ಳುವುದಿಲ್ಲವೇಕೆ?

ಪ್ರಶ್ನೆ: ತೀರದೋದುಗ

ಬಲೀನ್ ತಿಮಿಂಗಿಲಗಳಿಗೆ ಹಲ್ಲಿಲ್ಲ, ಮೇಲ್ದವಡೆಯಿಂದ ಇಳಿಬಿದ್ದ ಜರಡಿಯಲ್ಲಿ ನೀರು ಸೋಸಿ ತಿನ್ನುತ್ತವೆ ಎನ್ನುವವರೆಗೆ ಗೊತ್ತು. ಸಿಗಡಿಯಂಥ ಕಿರುಜೀವಿ ಕ್ರಿಲ್ ತಿನ್ನುವುದಾದರೆ ಒಪ್ಪಬಹುದು, ಅದು ಅಷ್ಟೇನೂ ಓಡಲಾರದು. ಆದರೆ ಬೂತಾಯಿ, ಹೆರಿಂಗ್, ಆಂಚೊವಿಗಳು ಕಣ್ಣು ಮಿಟುಕಿಸುವಷ್ಟರಲ್ಲಿ ದಿಕ್ಕು ಬದಲಿಸುವ ಮೀನುಗಳು. ಬಸ್ಸಿಗಿಂತ ಉದ್ದದ ಪ್ರಾಣಿ ಬಾಯಿ ತೆರೆದುಕೊಂಡು ಬರುತ್ತಿರುವಾಗ ಅವು ಚದುರಿ ಹೋಗುವುದಿಲ್ಲವೇಕೆ? ತಿಮಿಂಗಿಲ ನೀರನ್ನು ಹೀರಿ ಒಳಗೆಳೆದುಕೊಳ್ಳುತ್ತದೆಯೇ? ಬಾಯಿಗೆ ಬಂದ ಅಷ್ಟೂ ಉಪ್ಪುನೀರು ಹೊಟ್ಟೆಗೋ ಶ್ವಾಸಕೋಶಕ್ಕೋ ಹೋಗದಂತೆ ತಡೆಯುವುದು ಯಾವುದು? ಬಲ್ಲವರು ವಿವರವಾಗಿ ತಿಳಿಸಿ.

ಉತ್ತರ: ಆಳನೀರು

ನಿಮ್ಮ ಮೊದಲ ಪ್ರಶ್ನೆಯಲ್ಲೇ ಒಂದು ತಿದ್ದುಪಡಿ ಬೇಕು. ತಿಮಿಂಗಿಲ ಬಾಯಿ ತೆರೆದುಕೊಂಡು ಬರುವುದಿಲ್ಲ. ಬಾಯಿ ಮುಚ್ಚಿಕೊಂಡೇ ಬಂದು, ಹಿಂಡಿಗೆ ಇನ್ನೇನು ತಾಗಬೇಕು ಎನ್ನುವಾಗ ತೆರೆಯುತ್ತದೆ.

ಎದುರಿನ ಆಕಾರ ತನ್ನ ಕಣ್ಣಿನಲ್ಲಿ ಎಷ್ಟು ಬೇಗ ಹಿಗ್ಗುತ್ತಿದೆ ಎನ್ನುವುದನ್ನು ನೋಡಿ ಮೀನು ಓಡಬೇಕೋ ಬೇಡವೋ ಎಂದು ನಿರ್ಧರಿಸುತ್ತದೆ. ಬಾಯಿ ಮುಚ್ಚಿದ ತಿಮಿಂಗಿಲವನ್ನು ಎದುರಿನಿಂದ ನೋಡಿದರೆ ಮೂತಿ ಚೂಪು, ಮೈ ನುಣುಪು. ಆ ಆಕಾರ ನಿಧಾನವಾಗಿ ದೊಡ್ಡದಾಗುತ್ತದೆ. ತುಸು ಸರಿದು ದಾರಿ ಬಿಟ್ಟರೆ ಸಾಕು ಎನ್ನುವಂತೆ ಹಿಂಡು ವರ್ತಿಸುತ್ತದೆ. ಮೀನಿನ ಮಟ್ಟಿಗೆ ಇದು ಮೂರ್ಖತನವಲ್ಲ. ಪ್ರತಿ ನೆರಳಿಗೂ ಹಿಂಡು ಒಡೆದು ಓಡಿದರೆ, ಒಂದೊಂದನ್ನೇ ಹಿಡಿಯುವ ಹಕ್ಕಿಗೋ ದೊಡ್ಡ ಮೀನಿಗೋ ಸಿಗುವ ಅಪಾಯವೇ ಹೆಚ್ಚು. ದವಡೆ ತೆರೆದ ಕೂಡಲೇ ಆ ಆಕಾರ ಒಮ್ಮೆಗೇ ಹಲವು ಪಟ್ಟು ಹಿಗ್ಗುತ್ತದೆ. ಆಗ ಮೀನು ಬೆಚ್ಚಿ ಓಡತೊಡಗುತ್ತದೆ, ಅಷ್ಟು ಹೊತ್ತಿಗೆ ಮೇಲೆ ಕೆಳಗೆ ದವಡೆಗಳು ಬಂದಾಗಿರುತ್ತವೆ.

ಇದನ್ನು ತೋರಿಸಿದ ಅಧ್ಯಯನ 2020ರಲ್ಲಿ ಬಂತು. ಹಂಪ್‌ಬ್ಯಾಕ್ ತಿಮಿಂಗಿಲಗಳ ಮೈಗೆ ಕ್ಯಾಮೆರಾ ಇದ್ದ ಟ್ಯಾಗ್ ಅಂಟಿಸಿ ದಾಖಲೆ ಪಡೆದರು, ಬೇರೆಯಾಗಿ ಆಂಚೊವಿಗಳ ಮುಂದೆ ಹಿಗ್ಗುವ ಆಕೃತಿಗಳನ್ನು ತೋರಿಸಿ ಅವು ಯಾವಾಗ ಬೆಚ್ಚುತ್ತವೆ ಎಂದು ಅಳೆದರು. ಕ್ರಿಲ್ ತಿನ್ನುವಾಗ ವೇಗ ತುದಿಗೇರಿದ ಹೊತ್ತಿಗೇ ಬಾಯಿ ತೆರೆದರೂ ನಡೆಯುತ್ತದೆ. ಮೀನಾದರೆ ಇನ್ನೂ ತಡೆದು ತೆರೆಯಬೇಕು. ಒಂದೆರಡು ಸೆಕೆಂಡು ಮೊದಲೇ ತೆರೆದರೆ ಹಿಂಡು ಎರಡಾಗಿ ಸೀಳಿ ಅಕ್ಕಪಕ್ಕದಲ್ಲಿ ಹರಿದುಹೋಗುತ್ತದೆ, ತಿಮಿಂಗಿಲಕ್ಕೆ ಸಿಗುವುದು ಬರೀ ನೀರು.

ಬರೀ ನೀರು ಅಂದರೆ ಸಣ್ಣ ನಷ್ಟವಲ್ಲ. ಸೆಕೆಂಡಿಗೆ ಸುಮಾರು 3 ಮೀಟರ್ ವೇಗದಲ್ಲಿ ಬರುತ್ತಿದ್ದ ದೇಹ ಬಾಯಿ ತೆರೆದ ಕೂಡಲೇ ನೀರಿನ ಎದುರೊತ್ತಡಕ್ಕೆ ಸಿಕ್ಕಿ ಬಹುತೇಕ ನಿಂತೇಬಿಡುತ್ತದೆ. ಮತ್ತೆ ಸೊನ್ನೆಯಿಂದ ವೇಗ ಕೂಡಿಸಬೇಕು. ಹಾಗಾಗಿಯೇ ತೆಳುವಾಗಿ ಹರಡಿಕೊಂಡ ಹಿಂಡಿನ ಗೊಡವೆಗೆ ಅವು ಹೋಗುವುದು ಕಡಿಮೆ.

ಉತ್ತರ: ನೆರಿಗೆಗಂಟಲು

ಆಳನೀರು ಅವರು ಹೇಳಿದ್ದು ರೋರ್‌ಕ್ವಲ್ ಎಂಬ ಗುಂಪಿನ ಬಗ್ಗೆ: ನೀಲಿ ತಿಮಿಂಗಿಲ, ಫಿನ್, ಸೆಯಿ, ಬ್ರೈಡ್ಸ್, ಮಿಂಕಿ, ಹಂಪ್‌ಬ್ಯಾಕ್. ಗದ್ದದಿಂದ ಹೊಕ್ಕುಳಿನ ಹತ್ತಿರದವರೆಗೆ ಸೀರೆಯ ನೆರಿಗೆಯಂತೆ ಉದ್ದುದ್ದ ಗೆರೆಗಳಿರುವುದು ಇವಕ್ಕೆ ಮಾತ್ರ. ಬೋಹೆಡ್ ಮತ್ತು ರೈಟ್ ತಿಮಿಂಗಿಲಗಳ ದಾರಿ ಬೇರೆ. ಅವು ಬಾಯಿ ತೆರೆದುಕೊಂಡೇ ಮೆಲ್ಲಗೆ ಸಾಗುತ್ತಾ, ನೀರು ಮುಂದಿನಿಂದ ಬಂದು ಪಕ್ಕದಿಂದ ಹೋಗುವಂತೆ ಸೋಸುತ್ತವೆ. ಅಂಥ ನಡಿಗೆಗೆ ಕೋಪೆಪಾಡ್‌ನಂಥ ಕಿರುಜೀವಿಗಳು ಸಿಗುತ್ತವೆ, ಚುರುಕಾದ ಮೀನು ಸಿಗುವುದಿಲ್ಲ.

ಎರಡನೇ ಪ್ರಶ್ನೆಗೆ ಬರೋಣ. ರೋರ್‌ಕ್ವಲ್ ಹೀರುವುದಿಲ್ಲ. ಮುನ್ನುಗ್ಗುವ ವೇಗವೇ ನೀರನ್ನು ಒಳಗೆ ತಳ್ಳುತ್ತದೆ. ಕೆಳದವಡೆಯ ಎಡ ಬಲ ಮೂಳೆಗಳು ಗದ್ದದಲ್ಲಿ ಒಂದಾಗಿ ಬೆಸೆದುಕೊಂಡಿಲ್ಲ, ಆದ್ದರಿಂದ ಹೊರಕ್ಕೆ ಬಾಗಿ ತಿರುಗಬಲ್ಲವು; ಬಾಯಿ ಹೆಚ್ಚುಕಡಿಮೆ ಲಂಬಕೋನದಷ್ಟು ತೆರೆಯುತ್ತದೆ. ನೀರು ನುಗ್ಗಿದಾಗ ಮೆತ್ತನೆಯ ನಾಲಗೆ ಒಳಮಗ್ಗುಲಾಗಿ ಹಿಂದಕ್ಕೆ ಮಡಚಿ, ಗಂಟಲ ಚರ್ಮದ ಒಳಗಿನ ಚೀಲಕ್ಕೆ ಹೊದಿಕೆಯಾಗುತ್ತದೆ. ನೆರಿಗೆಗಳು ಬಿಚ್ಚಿಕೊಳ್ಳುತ್ತವೆ. ಆ ಭಾಗದ ನರಗಳೂ ಹಿಗ್ಗಿ, ಮತ್ತೆ ಮೊದಲಿನ ಉದ್ದಕ್ಕೆ ಬರುತ್ತವೆ. ಬೇರೆ ಪ್ರಾಣಿಗಳಲ್ಲಿ ನರವನ್ನು ಹಾಗೆ ಎಳೆದರೆ ಅದು ಹಾಳಾಗುತ್ತದೆ. ಎರಡು ದವಡೆ ಮೂಳೆಗಳ ನಡುವೆ, ಗದ್ದದೊಳಗೆ, ಲೋಳೆಯಂಥ ವಸ್ತು ತುಂಬಿದ ಒಂದು ಸಂವೇದನಾಂಗವಿದೆ. 2012ರಲ್ಲಿ ಅದನ್ನು ಗುರುತಿಸಿದರು. ದವಡೆ ಎಷ್ಟು ತೆರೆದಿದೆ, ಗಂಟಲು ಎಷ್ಟು ಹಿಗ್ಗಿದೆ ಎಂಬ ಸುದ್ದಿಯನ್ನು ಅದು ಮಿದುಳಿಗೆ ಮುಟ್ಟಿಸುತ್ತದೆ ಎಂದು ತಿಳಿಯಲಾಗಿದೆ.

ಪ್ರಮಾಣ ನೋಡಿ: ಸುಮಾರು 20 ಮೀಟರ್ ಉದ್ದದ ಫಿನ್ ತಿಮಿಂಗಿಲ ಒಂದು ಸಲಕ್ಕೆ 60ರಿಂದ 80 ಘನ ಮೀಟರ್ ನೀರು ತುಂಬಿಕೊಳ್ಳುತ್ತದೆ. ಅಂದರೆ ತನ್ನ ಮೈತೂಕವನ್ನೂ ಮೀರಿದ ನೀರು, ಅದೂ ಕೆಲವೇ ಸೆಕೆಂಡುಗಳಲ್ಲಿ. ಚೀಲ ಗಾಳಿಗೆ ಸಿಕ್ಕ ಪ್ಯಾರಾಚೂಟಿನಂತೆ ಪಟ್ಟನೆ ಬಿರಿಯುವುದಿಲ್ಲ. ಅದರ ಗೋಡೆಯ ಸ್ನಾಯು ಬಿಗಿಹಿಡಿದು, ಒಳಬಂದ ನೀರನ್ನು ಮುಂದಕ್ಕೆ ಒತ್ತುತ್ತಾ ಹಿಗ್ಗಲು ಬಿಡುತ್ತದೆ.

ಆಮೇಲೆ ಬಾಯಿ ಮುಚ್ಚಿ, ಚೀಲವನ್ನು ಕುಗ್ಗಿಸಿ ಬಲೀನ್ ಮೂಲಕ ನೀರನ್ನು ಹೊರದೂಡುತ್ತದೆ. ಇದಕ್ಕೆ ನೀರು ತುಂಬಿಕೊಳ್ಳುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಹೊತ್ತು ಬೇಕು, ದೊಡ್ಡ ತಿಮಿಂಗಿಲಕ್ಕೆ ಅರ್ಧ ನಿಮಿಷದ ಮೇಲೆ. ಹಂಪ್‌ಬ್ಯಾಕಿಗೆ ಬಾಯಿಯ ಒಂದೊಂದು ಬದಿಗೆ 270ರಿಂದ 400 ಬಲೀನ್ ಪಟ್ಟಿಗಳು. ನಮ್ಮ ಉಗುರಿನ ಕೆರಾಟಿನ್ನೇ. ಪಟ್ಟಿಯ ಹೊರ ಅಂಚು ನಯ, ಒಳ ಅಂಚು ನಾಲಗೆಗೆ ತಿಕ್ಕಿ ತಿಕ್ಕಿ ಸವೆದು ನಾರು ನಾರಾಗಿ, ಆ ನಾರೆಲ್ಲ ಹೆಣೆದು ಚಾಪೆಯಂತಾಗಿರುತ್ತದೆ. ಸವೆದಷ್ಟೂ ಬುಡದಿಂದ ಬೆಳೆಯುತ್ತದೆ. ಮೀನನ್ನು ತಡೆಯಲು ಈ ಚಾಪೆ ಧಾರಾಳ ಸಾಕು.

ಮೂರನೆಯದು, ಉಪ್ಪುನೀರು. ಗಂಟಲ ಬಾಗಿಲಲ್ಲಿ ಕೊಬ್ಬು ಮತ್ತು ಸ್ನಾಯುವಿನ ಒಂದು ಬಿರಡೆ ಇದೆ. ಫಿನ್ ತಿಮಿಂಗಿಲಗಳಲ್ಲಿ ಅದನ್ನು ವಿವರಿಸಿದ ಲೇಖನ ಬಂದದ್ದು 2022ರಲ್ಲಿ. ಮುನ್ನುಗ್ಗುವಾಗ ಬಿರಡೆ ಬಾಯಿ ಮತ್ತು ಗಂಟಲಿನ ನಡುವಿನ ದಾರಿಯನ್ನು ಮುಚ್ಚಿರುತ್ತದೆ. ನೀರೆಲ್ಲ ಹೋಗಿ ಮೀನು ಮಾತ್ರ ಉಳಿದು, ನುಂಗುವ ಹೊತ್ತು ಬಂದಾಗ ಅದು ಹಿಂದಕ್ಕೂ ಮೇಲಕ್ಕೂ ಸರಿದು ಮೂಗಿನ ದಾರಿಯನ್ನು ಮುಚ್ಚುತ್ತದೆ. ಶ್ವಾಸನಾಳದ ಬಾಯಿಯೂ ಆಗ ಮುಚ್ಚಿಕೊಳ್ಳುತ್ತದೆ. ನಮ್ಮ ಕಿರುನಾಲಗೆಯನ್ನು ನೆನೆದರೆ ಅಂದಾಜು ಸಿಗುತ್ತದೆ.

ಉತ್ತರ: ಗುಳ್ಳೆಬಲೆ

ಹಿಂಡು ತೆಳುವಾಗಿದ್ದರೆ ಅವು ಬಿಟ್ಟುಬಿಡುತ್ತವೆ ಎಂದು ಮೇಲೆ ಬಂದಿದೆ. ಆದರೆ ಹಂಪ್‌ಬ್ಯಾಕ್‌ಗಳು ಹಿಂಡನ್ನು ತಾವೇ ದಟ್ಟ ಮಾಡಿಕೊಳ್ಳುತ್ತವೆ. ಆ ಕೆಲಸ ಹೀಗೆ ಸಾಗುತ್ತದೆ: ತಿಮಿಂಗಿಲವೊಂದು ಹಿಂಡಿನ ಕೆಳಗಿಳಿದು, ಮೈಯನ್ನು ಒಳವಾಲಿಸಿ ಸುತ್ತು ಹಾಕುತ್ತಾ, ತಲೆಯ ಮೇಲಿನ ಉಸಿರುಗಂಡಿಯಿಂದ ಬಿಟ್ಟು ಬಿಟ್ಟು ಗಾಳಿ ಹೊರಡಿಸುತ್ತದೆ. ಒಂದೊಂದು ಉಸಿರೂ ಒಂದೊಂದು ಗುಳ್ಳೆಕಂಬವಾಗಿ ಮೇಲೇರಿ, ಅಕ್ಕಪಕ್ಕದ ಕಂಬಗಳೊಂದಿಗೆ ಕೂಡಿ ಪರದೆಯಾಗುತ್ತದೆ. ಮೊದಲು ಬಿಟ್ಟ ಗುಳ್ಳೆ ಮೇಲೇರಿ ಮುಗಿಯುವಷ್ಟರಲ್ಲಿ ಸುತ್ತು ಮುಚ್ಚಬೇಕು. ಆದ್ದರಿಂದ ತಿಮಿಂಗಿಲವೂ ಸುರುಳಿಯಾಗಿ ಮೇಲಕ್ಕೆ ಬರುತ್ತದೆ, ಸುತ್ತು ಕಿರಿದಾಗುತ್ತಾ ಹೋಗುತ್ತದೆ.

ಗುಳ್ಳೆಯನ್ನು ದಾಟಿದರೆ ಮೀನಿಗೆ ಏನೂ ಆಗುವುದಿಲ್ಲ. ಆದರೂ ಹೆರಿಂಗ್‌ಗಳು ಗುಳ್ಳೆಪರದೆ ದಾಟಲು ಹಿಂಜರಿಯುತ್ತವೆ ಎಂದು ಪ್ರಯೋಗಗಳಲ್ಲಿ ಕಂಡಿದೆ. ಬಲೆ ಸೋರುವ ಕಡೆ ಎರಡು. ಒಂದು, ಕಂಬಗಳ ನಡುವೆ ಉಳಿದ ಕಂಡಿ. ಒಂದು ಮೀನು ನುಸುಳಿದರೆ ಹಿಂಡೇ ಅದರ ಹಿಂದೆ ನುಸುಳುತ್ತದೆ. ಇನ್ನೊಂದು, ಬಲೆಯ ತಳ; ಅದು ಸದಾ ತೆರೆದೇ ಇರುತ್ತದೆ. ತಳಕ್ಕೆ ತಿಮಿಂಗಿಲಗಳೇ ಕಾವಲು. ಮೈಯುದ್ದದ ಮೂರನೇ ಒಂದು ಪಾಲಿನಷ್ಟಿರುವ ಈಜುರೆಕ್ಕೆಗಳನ್ನು ಚಾಚಿ ಕಂಡಿ ಮುಚ್ಚುತ್ತವೆ, ರೆಕ್ಕೆಯ ಬಿಳಿ ಅಡಿಭಾಗವನ್ನು ತಿರುಗಿಸಿ ಮೀನನ್ನು ಬೆಚ್ಚಿಸುತ್ತವೆ. ಆಗ್ನೇಯ ಅಲಾಸ್ಕದಲ್ಲಿ ಗುಂಪಾಗಿ ಹೆರಿಂಗ್ ಹಿಡಿಯುವಾಗ ಸುಮಾರು 500 ಹರ್ಟ್ಸ್‌ನ ಉದ್ದನೆಯ ಕೂಗೂ ಕೇಳುತ್ತದೆ. ಕೂಗು ಸಟ್ಟನೆ ನಿಂತ ಬೆನ್ನಲ್ಲೇ ಎಲ್ಲವೂ ಒಟ್ಟಿಗೆ ಬಾಯಿ ತೆರೆದು ಮೇಲ್ಮೈ ಒಡೆಯುತ್ತವೆ. ಆ ಉಂಗುರದೊಳಗೆ, ಅದಕ್ಕೂ ಅರೆಕ್ಷಣ ಮೊದಲು, ನೀರಿನ ಮೇಲೆ ಮಳೆ ಬಿದ್ದಂತೆ ಪುಟಪುಟನೆ ಮೀನು ಸಿಡಿಯುವುದನ್ನು ನೋಡಬೇಕು. ಅಲ್ಲಿಂದಾಚೆ ಮೀನಿಗೆ ಮೇಲಕ್ಕೂ ಜಾಗವಿಲ್ಲ.

ಮರುಪ್ರಶ್ನೆ: ತೀರದೋದುಗ

ಎಲ್ಲರಿಗೂ ಧನ್ಯವಾದ. ಇದನ್ನೆಲ್ಲ ಹುಟ್ಟಿನಿಂದಲೇ ಬಲ್ಲವೋ, ಕಲಿಯುತ್ತವೋ? ನಾನು ನೋಡಿದ ಒಂದು ವಿಡಿಯೊದಲ್ಲಿ ತಿಮಿಂಗಿಲ ಬಾಯಿ ತೆರೆದು ನಿಂತೇ ಇತ್ತು, ನುಗ್ಗಲೇ ಇಲ್ಲ. ಅದು ಕಾಯಿಲೆಯೇ?

ಉತ್ತರ: ಆಳನೀರು

ಕಾಯಿಲೆಯಲ್ಲ. ಥಾಯ್ಲೆಂಡ್ ಕೊಲ್ಲಿಯ ಬ್ರೈಡ್ಸ್ ತಿಮಿಂಗಿಲ ಇರಬೇಕು. ಅದು ತಲೆ ಎತ್ತಿ, ಕೆಳದವಡೆಯ ಅಂಚು ನೀರಿನ ಮಟ್ಟಕ್ಕೆ ಬರುವಂತೆ ಬಾಯಿ ತೆರೆದು ನಿಲ್ಲುತ್ತದೆ. ನೀರು ಅಂಚು ದಾಟಿ ಒಳಗೆ ಹರಿಯುತ್ತದೆ, ಜೊತೆಗೆ ಆಂಚೊವಿಗಳೂ ಬೀಳುತ್ತವೆ. ಅಲ್ಲಿ ಕೆಳಗಿನ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿ ಮೀನು ಮೇಲ್ಪದರದಲ್ಲೇ ಸೇರುವುದರಿಂದ ಈ ಪದ್ಧತಿ ಬಂದಿರಬಹುದು ಎಂಬ ವಿವರಣೆಯಿದೆ.

ಹಂಪ್‌ಬ್ಯಾಕ್‌ಗಳಲ್ಲೂ ಇದರ ಹತ್ತಿರದ ಬಗೆಯಿದೆ. ಕೆನಡಾದ ವ್ಯಾಂಕೂವರ್ ದ್ವೀಪದ ಬಳಿ 2011ರಲ್ಲಿ ಮೊದಲು ಕಂಡದ್ದು. ಎಳೆಯ ಹೆರಿಂಗ್‌ಗಳು ಚಿಕ್ಕ, ಚದುರಿದ ಗುಂಪುಗಳಲ್ಲಿದ್ದಾಗ, ಮೇಲೆ ಹಕ್ಕಿಗಳು ಮುಳುಗಿ ಬೇಟೆಯಾಡುತ್ತಿದ್ದಾಗ, ತಿಮಿಂಗಿಲ ಬಾಯಿ ತೆರೆದು ನಿಶ್ಚಲವಾಗಿರುತ್ತದೆ. ಹಕ್ಕಿಗೆ ಹೆದರಿದ ಮೀನು ಅದನ್ನೇ ಆಸರೆಯೆಂದು ಬಗೆದು ಒಳಸೇರುತ್ತದೆ. ಉಳಿದವನ್ನು ರೆಕ್ಕೆಯಿಂದ ಬಾಯಿಗೆ ತಳ್ಳಿಕೊಳ್ಳುವುದೂ ಉಂಟು. ಸಿಗುವುದು ಕಡಿಮೆ, ಆದರೆ ನುಗ್ಗುವ ಖರ್ಚಿಲ್ಲ.

ಕಲಿಕೆಗೆ ಒಳ್ಳೆಯ ಪುರಾವೆ ಅಮೆರಿಕದ ಈಶಾನ್ಯ ಕರಾವಳಿಯ ಮೇನ್ ಕೊಲ್ಲಿಯದು. ಅಲ್ಲಿ 1980ರಲ್ಲಿ ಒಂದು ಹಂಪ್‌ಬ್ಯಾಕ್ ಗುಳ್ಳೆ ಬಿಡುವ ಮುನ್ನ ಬಾಲದಿಂದ ನೀರಿಗೆ ಬಡಿಯುವುದು ಕಂಡಿತು. ಆ ಹೊತ್ತಿಗೆ ಅಲ್ಲಿ ಹೆರಿಂಗ್ ಕುಸಿದು, ಸ್ಯಾಂಡ್ ಲ್ಯಾನ್ಸ್ ಎಂಬ ತೆಳ್ಳನೆಯ ಮೀನು ಹೆಚ್ಚಿತ್ತು. ಮುಂದಿನ ದಶಕಗಳಲ್ಲಿ ಈ ಬಾಲಬಡಿತ ನೂರಾರು ತಿಮಿಂಗಿಲಗಳಿಗೆ ಹಬ್ಬಿತು. ಯಾವುದು ಯಾವುದರ ಜೊತೆ ಹೆಚ್ಚು ಒಡನಾಡುತ್ತಿತ್ತು ಎಂಬ ದಾಖಲೆಯೊಂದಿಗೆ ಹೋಲಿಸಿ, ಇದು ಒಂದರಿಂದೊಂದು ನೋಡಿ ಕಲಿತದ್ದು ಎಂದು 2013ರ ಅಧ್ಯಯನ ತೋರಿಸಿತು.

ಉತ್ತರ: ನೆರಿಗೆಗಂಟಲು

ವಿಡಿಯೊ ನೋಡುವಾಗ ಇನ್ನೊಂದನ್ನು ಗಮನಿಸಿ. ಫಿನ್ ತಿಮಿಂಗಿಲದ ಕೆಳದವಡೆ ಬಲಗಡೆ ಬಿಳಿ, ಎಡಗಡೆ ಕಪ್ಪು. ಮೇಲ್ಮೈಯಲ್ಲಿ ನುಗ್ಗುವಾಗ ಸಾಮಾನ್ಯವಾಗಿ ಬಲಮಗ್ಗುಲಿಗೆ ಹೊರಳುವುದರಿಂದ ಆ ಬಿಳಿ ಭಾಗ ಕೆಳಗೆ ಬರುತ್ತದೆ. ಇದು ಮೀನನ್ನು ಬೆದರಿಸಿ ಒಟ್ಟುಗೂಡಿಸಲೋ, ಮೇಲಿನ ಬೆಳಕಿನಲ್ಲಿ ತನ್ನ ಗುರುತು ಮರೆಸಲೋ ಎಂಬ ಚರ್ಚೆ ಇನ್ನೂ ನಡೆದಿದೆ.