ಪದ ಬೇಕು: ‘ನರೋದ್ನಯಾ ಅರ್ತೀಸ್ತ್ಕಾ’

ಗೆಳೆಯರೇ, ರಷ್ಯನ್ ನಟಿ ಲ್ಯುದ್ಮಿಲಾ ಗುರ್ಚೆಂಕೊ ಬಗ್ಗೆ ಒಂದು ಪುಟದ ಪರಿಚಯ ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕು. 1983ರಲ್ಲಿ ಅವರಿಗೆ ಬಂದ ‘ನರೋದ್ನಯಾ ಅರ್ತೀಸ್ತ್ಕಾ’ ಅನ್ನುವ ಬಿರುದಿನ ಹತ್ತಿರ ನಿಂತುಬಿಟ್ಟಿದ್ದೇನೆ. ನಿಘಂಟಿನಲ್ಲಿ ‘ನರೋದ್ನಿ’ಗೆ ‘ಜನರ’, ‘ಜಾನಪದ’ ಎರಡೂ ಇವೆ. ಕರಡಿನಲ್ಲಿ ‘ಜಾನಪದ ಕಲಾವಿದೆ’ ಅಂತ ಹಾಕಿದ್ದೆ. ಸರಿ ಕಾಣುತ್ತಿಲ್ಲ.

ಮರು:
ಜಾನಪದ ಬೇಡವೇ ಬೇಡ. ಓದುವವರು ಗೀಗೀಪದ ಹಾಡುವವರು ಅಂದುಕೊಳ್ಳುತ್ತಾರೆ. ಇದು ಸರ್ಕಾರ ಕೊಡುತ್ತಿದ್ದ ಬಿರುದು. 1977ರಲ್ಲಿ ಅವರಿಗೆ ರಷ್ಯಾ ಗಣರಾಜ್ಯದ್ದು ಸಿಕ್ಕಿತ್ತು, 1983ರದ್ದು ಇಡೀ ಸೋವಿಯತ್ ಒಕ್ಕೂಟದ್ದು. ‘ಜನಕಲಾವಿದೆ’ ಅನ್ನಿ. ‘ನರೋದ್’ ಒಳಗಿನ ‘ರೋದ್’ ಅಂದರೆ ಹುಟ್ಟು, ಕುಲ. ನಮ್ಮ ‘ಜನ’ದ ಬೇರೂ ಹುಟ್ಟುವುದೇ. ಇಷ್ಟು ಚೆನ್ನಾಗಿ ಕೂರುವ ಜೋಡಿ ಸಿಗುವುದು ಅಪರೂಪ.

ಮರು:
ಒಪ್ಪುವುದಿಲ್ಲ. ‘ಜನ’ ಸಂಸ್ಕೃತ, ‘ಕಲಾವಿದೆ’ ಸಂಸ್ಕೃತ. ‘ಮಂದಿಯ ನಟಿ’ ಅಂದರೆ ಯಾರಿಗೆ ಅರ್ಥವಾಗುವುದಿಲ್ಲ? ಸುಮ್ನೆ ಸಾಲ ತರುವುದು ಅಭ್ಯಾಸವಾಗಿಬಿಟ್ಟಿದೆ.

ಮರು:
‘ನಟಿ’ ಯಾವ ಭಾಷೆಯದು ಸಾರ್? ಅದೂ ಅಲ್ಲದೆ ಈ ಬಿರುದು ನಟಿಯರಿಗಷ್ಟೇ ಅಲ್ಲ. ಬ್ಯಾಲೆಯ ಮಾಯಾ ಪ್ಲಿಸೆತ್ಸ್ಕಯಾಗೂ ಇದೇ ಕೊಟ್ಟರು. ‘ಅರ್ತೀಸ್ತ್’ ಅನ್ನುವುದನ್ನು ರಷ್ಯನ್ನರೂ ಫ್ರೆಂಚಿನಿಂದಲೇ ತಂದರು. ಅವರ ಭಾಷೆ ಕೆಟ್ಟಿತಾ?

ಮರು:
ಅವರು ತಂದರೆ ನಾವೂ ತರಬೇಕೇ? ‘ಮಂದಿ’ ಬಿಡಬೇಡಿ.

ಮರು:
‘ಮಂದಿ’ ಉತ್ತರ ಕರ್ನಾಟಕದಲ್ಲಿ ನಮ್ಮ ದಿನದ ಮಾತು. ನನಗೆ ಅದರ ಮೇಲೆ ಪ್ರೀತಿ ಜಾಸ್ತಿ. ಆದರೂ ಬಿರುದಿಗೆ ಅದು ಕೂರುವುದಿಲ್ಲ. ‘ಜನ’ ಇರಲಿ ಅನ್ನುವುದಕ್ಕೆ ಗುರ್ಚೆಂಕೊ ಬಾಳೇ ಕಾರಣ. ಹುಟ್ಟಿದ್ದು 1935ರಲ್ಲಿ, ಖಾರ್ಕಿವ್‌ನಲ್ಲಿ. ಬಾಲ್ಯದಲ್ಲೇ ಊರು ಜರ್ಮನ್ನರ ಕೈಗೆ ಹೋಯಿತು. 1956ರ ‘ಕಾರ್ನಿವಲ್ ರಾತ್ರಿ’ ಸಿನಿಮಾದಲ್ಲಿ ಹಾಡಿ ಕುಣಿದು ಇಪ್ಪತ್ತೊಂದಕ್ಕೇ ದೇಶಕ್ಕೆಲ್ಲ ಗೊತ್ತಾದರು. ಆಮೇಲೆ ಖಾಸಗಿ ಸಂಗೀತ ಕಛೇರಿಗಳಲ್ಲಿ ಹಾಡಿ ದುಡ್ಡು ಮಾಡುತ್ತಾರೆ ಅಂತ ಪತ್ರಿಕೆಗಳು ಬೈದವು. ಎಷ್ಟೋ ವರ್ಷ ದೊಡ್ಡ ಪಾತ್ರ ಬರಲಿಲ್ಲ. ಎಪ್ಪತ್ತರ ದಶಕದಲ್ಲಿ ಜವಳಿ ಗಿರಣಿ ನಡೆಸುವ ಹೆಂಗಸಾಗಿ ತೆರೆಗೆ ಮರಳಿದರು. ಮುಂದೆ ‘ಇಬ್ಬರಿಗೊಂದು ನಿಲ್ದಾಣ’ದಲ್ಲಿ ರೈಲು ನಿಲ್ದಾಣದ ಹೋಟೆಲಿನಲ್ಲಿ ಊಟ ಬಡಿಸುವವಳಾದರು. ಬಿರುದು ಬಂದದ್ದು ಇಷ್ಟೆಲ್ಲ ಆದಮೇಲೆ. ‘ಜನರ’ ಅನ್ನುವುದು ಅಲ್ಲಿ ಕಾಣಲೇಬೇಕು, ಅಲ್ವಾ?

ಮರು:
‘ಸೋವಿಯತ್ ಒಕ್ಕೂಟದ ಜನಕಲಾವಿದೆ’ ಅಂತಲೇ ಹಾಕುತ್ತೇನೆ. ಎಲ್ಲರಿಗೂ ನಮಸ್ಕಾರ. ಸೇರಿಸಿ ಬರೆಯಲಾ, ಬಿಡಿಸಿ ಬರೆಯಲಾ?

ಮರು:
ಸೇರಿಸಿ. ಆದರೆ ನನ್ನ ಮಾತು ‘ಮಂದಿ’ಯೇ.