ಪದ ಬೇಕು, ತುರ್ತು: ಅಪ್ಪನಿಂದ ಬಂದ ಲೆನ್ಸ್‌ಗೆ ಹೊಂದುವ ಕ್ಯಾಮೆರಾ ಬಾಡಿ

ಬಸವನಗುಡಿ, ಬುಧವಾರ ಬೆಳಿಗ್ಗೆ

ಗುಂಪಿನ ಎಲ್ಲರಿಗೂ ನಮಸ್ಕಾರ. ಒಂದು ಬೋರ್ಡಿಗೆ ಮತ್ತು ಒಂದು ಪುಟದ ಕರಪತ್ರಕ್ಕೆ ಕನ್ನಡ ಮಾತು ಬೇಕಾಗಿದೆ. ಶುಕ್ರವಾರ ಮಧ್ಯಾಹ್ನದೊಳಗೆ ಕೊಡಿ ಅಂತ ಅವೆನ್ಯೂ ರಸ್ತೆಯ ಪ್ರೆಸ್ಸಿನವರು ಹೇಳಿದ್ದಾರೆ. ಭಾನುವಾರ ನಮ್ಮ ಬೀದಿಯ ಒಂದು ಮನೆಯ ವರಾಂಡದಲ್ಲಿ ಕೆಲವರು ಸೇರುತ್ತಿದ್ದೇವೆ. ಮನೆಯಲ್ಲಿ ಹಳೆ ಲೆನ್ಸ್ ಇಟ್ಟುಕೊಂಡು, ಯಾವ ಕ್ಯಾಮೆರಾ ಕೊಳ್ಳೋದು ಅಂತ ಗೊತ್ತಾಗದೆ ಕೂತವರಿಗಾಗಿ.

ನಾನೂ ಅವರಲ್ಲಿ ಒಬ್ಬಳು. ಅಪ್ಪ ಮದುವೆ ಫೋಟೋ ತೆಗೆಯುತ್ತಿದ್ದರು. ಹೋದ ವರ್ಷ ತೀರಿಕೊಂಡರು. ಬೀರುವಿನ ಮೇಲಿದ್ದ ಸ್ಟೀಲ್ ಡಬ್ಬಿ ಇಳಿಸಿ ನೋಡಿದರೆ ಒಳಗೆ ಮೂರು ಲೆನ್ಸ್. ನಿಕಾನ್‌ನ 50 ಎಂ.ಎಂ., ಅದೇ ಕಂಪನಿಯ 105, ಇನ್ನೊಂದು ತಿರುಪಿನ ಟಕುಮಾರ್ 55. ಜೊತೆಗಿದ್ದ ಸಿಲಿಕಾ ಜೆಲ್ ನೀಲಿ ಹೋಗಿ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ. 105ರ ಅಂಚಿನಲ್ಲಿ ಕೂದಲಿನಷ್ಟು ಸಣ್ಣ ಬೂಷ್ಟಿನ ಎಳೆ. ಉಳಿದೆರಡು ಶುಭ್ರವಾಗಿವೆ. 50ರ ಮೇಲೆ ಒಂದು ಚಿಕ್ಕ ಲೋಹದ ಕವಲು ನಿಂತಿದೆ. ಅಪ್ಪ ಅದನ್ನು ‘ಕೊಂಬು’ ಅನ್ನುತ್ತಿದ್ದರು.

ಪರಿಚಯದವರೊಬ್ಬರು ತಲೆಬರಹ ಬರೆದುಕೊಟ್ಟರು: ‘ಆನುವಂಶಿಕ ಮಸೂರಗಳಿಗೆ ಹೊಂದಾಣಿಕೆಯಾಗುವ ಛಾಯಾಗ್ರಾಹಕ ಕಾಯದ ಆಯ್ಕೆ’. ಅಮ್ಮನಿಗೆ ಓದಿ ಹೇಳಿದೆ. ‘ಯಾರಿಗಮ್ಮ ಕಾಯಿಲೆ?’ ಅಂದರು. ‘ಆನುವಂಶಿಕ’ ಅನ್ನೋದನ್ನು ಅವರು ಕೇಳಿರುವುದು ಡಾಕ್ಟರ ಹತ್ತಿರ ಮಾತ್ರ.

ಹಿರಿಯರಿಂದ ಬಂದದ್ದು ಅನ್ನಲು ಒಂದು ಮಾತು ಬೇಕು. ‘ಬಾಡಿ’ಗೆ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ), ‘ಮೌಂಟ್’ಗೆ (ಬಾಡಿಯಲ್ಲಿ ಲೆನ್ಸ್ ಕೂರುವ ಜಾಗ) ಏನಾದರೂ ಇದೆಯಾ? ಎಲ್ಲಕ್ಕಿಂತ ಮುಖ್ಯವಾಗಿ, ಈ ಲೆನ್ಸ್ ಆ ಬಾಡಿಗೆ ಆಗುತ್ತೆ ಅನ್ನೋದಕ್ಕೆ ಸರಿಯಾದ ಕ್ರಿಯಾಪದ ಯಾವುದು?

ಮಲ್ಲೇಶ್ವರ, ಬುಧವಾರ ಮಧ್ಯಾಹ್ನ

‘ಬಳುವಳಿ’ ಇರುವಾಗ ಹುಡುಕಾಟ ಯಾಕೆ? ಹಳೆಗನ್ನಡದಲ್ಲಿ ‘ಬೞಿವೞಿ’. ಮದುವೆಯಲ್ಲಿ ಮಗಳ ಜೊತೆ ಕಳಿಸುವ ಉಡುಗೊರೆ. ಇಂದು ಹಿರಿಯರಿಂದ ಬಂದ ಯಾವುದಕ್ಕೂ ಸಲ್ಲುತ್ತದೆ. ನಿಮ್ಮದು ತಂದೆಯಿಂದ ಮಗಳಿಗೆ ಬಂದದ್ದು, ಇನ್ನೂ ಚೆನ್ನಾಗಿ ಕೂಡುತ್ತದೆ ತಾಯಿ. ‘ಬಳುವಳಿ ಮಸೂರ’ ಎಂದು ಬರೆಯಿರಿ. ‘ಪಿತ್ರಾರ್ಜಿತ’ ಬೇಡ, ಅದು ಕೋರ್ಟಿನ ಮಾತು. ‘ಕಾಯ’ ತೆಗೆದುಹಾಕಿ.

ವಿಜಯನಗರ, ಬುಧವಾರ ಸಂಜೆ

ಬಳುವಳಿ ಒಪ್ಪಿದೆ. ‘ಮಸೂರ’ ಯಾಕೆ? ಅದು ಸಂಸ್ಕೃತ. ಲ್ಯಾಟಿನ್ನಿನಲ್ಲಿ ‘ಲೆನ್ಸ್’ ಅಂದರೆ ಒಂದು ಬೇಳೆ, ನಾವು ಚನ್ನಂಗಿ ಬೇಳೆ ಅನ್ನುತ್ತೇವಲ್ಲ, ಅದೇ. ಎರಡೂ ಕಡೆ ಉಬ್ಬಿದ ಗಾಜು ಆ ಕಾಳಿನ ಹಾಗೆ ಕಂಡದ್ದರಿಂದ ಆ ಹೆಸರು. ಸಂಸ್ಕೃತದ ‘ಮಸೂರ’ವೂ ಅದೇ ಕಾಳು. ಶಾಲೆಯ ಪುಸ್ತಕದಲ್ಲಿ ಪೀನ ಮಸೂರ, ನಿಮ್ನ ಮಸೂರ ಅಂತ ಬಾಯಿಪಾಠ ಮಾಡಿದೆವು, ಅದು ಬೇಳೆ ಅಂತ ಒಬ್ಬರೂ ಹೇಳಲಿಲ್ಲ. ಅವರು ಅವರ ಬೇಳೆ ಇಟ್ಟರು. ನಾವು ನಮ್ಮದನ್ನು ಇಡಬೇಕು. ‘ಬೇಳೆಗಾಜು’.

ಬಾಡಿಗೆ ‘ಒಡಲು’. ಕನ್ನಡದಲ್ಲಿ ‘ಬಾಡಿ’ ಅಂದರೆ ಹೂವು ಬಾಡಿ ಹೋದದ್ದು, ಇಲ್ಲವೇ ಆಸ್ಪತ್ರೆಯಿಂದ ತರುವ ಹೆಣ. ಬೋರ್ಡಿನ ಮೇಲೆ ಅದನ್ನು ಬರೆಯಬೇಡಿ. ಬಾಡಿಗೂ ಲೆನ್ಸಿಗೂ ನಡುವೆ ಹಾಕುವ ಅಡಾಪ್ಟರಿಗೆ ‘ಬಳೆ’. ನೋಡಲು ಬಳೆಯಂತೆಯೇ ಇದೆ. ಬಳುವಳಿಯೂ ಬಳೆಯಿಂದಲೇ ಬಂದಿರಬೇಕು, ಮಗಳಿಗೆ ಕೊಡುವುದು ಬಳೆಯನ್ನೇ ತಾನೆ?

ಮಲ್ಲೇಶ್ವರ, ಬುಧವಾರ ರಾತ್ರಿ

ಇಲ್ಲ. ಬಳೆಯದು ಕುಳ, ಅಂದರೆ ಇಂದಿನ ‘ಳ’. ಬಳುವಳಿಯದು ರಳ, ಅಂದರೆ ಹಳೆಗನ್ನಡದ ‘ೞ’. ಬಳೆಗೆ ತಮಿಳಿನ ‘ವಳೈ’ ನೋಡಿ. ನಡುಗನ್ನಡದಲ್ಲಿ ರಳ ಬಿದ್ದುಹೋಗಿ ಎರಡೂ ಒಂದೇ ಅಕ್ಷರವಾದವು, ಅಷ್ಟೆ. ಕಿವಿಗೆ ಒಂದೇ ಥರ ಕೇಳಿಸಿದ ಮಾತ್ರಕ್ಕೆ ನಂಟು ಕಟ್ಟಬಾರದು.

‘ಗಾಜು’ ಕೂಡ ‘ಕಾಚ’ದ ತದ್ಭವ. ಸಂಸ್ಕೃತ ಬೇಡ ಎಂದ ಮೇಲೆ ಬೇಳೆಗಾಜೂ ನಿಲ್ಲುವುದಿಲ್ಲ.

ರಾಜಾಜಿನಗರ, ಗುರುವಾರ ಬೆಳಿಗ್ಗೆ

ಮೇಡಂ, ನಾನು ಕ್ಯಾಮೆರಾ ರಿಪೇರಿ ಕೆಲಸದವನು. ಈ ಗುಂಪಿನಲ್ಲಿ ಸುಮ್ನೆ ಓದುತ್ತಿದ್ದೆ. ನೀವು ಕೊನೆಯಲ್ಲಿ ಕೇಳಿದ ಕ್ರಿಯಾಪದದ ವಿಷಯಕ್ಕೆ ಯಾರೂ ಬರಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಗಿರಾಕಿಗಳು ಕೇಳುವುದು ಒಂದೇ ಮಾತು: ‘ಇದು ಇದಕ್ಕೆ ಕೂರುತ್ತಾ?’ ಹೊಂದಾಣಿಕೆ ಅಂತ ಯಾರೂ ಅನ್ನಲ್ಲ. ಹೊಂದಾಣಿಕೆ ಅಂದರೆ ಇಬ್ಬರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಡೋದು, ಲೋಹ ಏನೂ ಬಿಟ್ಟುಕೊಡಲ್ಲ. ಆದರೆ ‘ಕೂರುತ್ತೆ’ ಅಂತ ಕೇಳಿ ದುಡ್ಡು ಕೊಟ್ಟುಬಿಟ್ಟರೆ ಮೋಸ ಹೋಗುತ್ತೀರಿ. ಅದರ ಮೇಲೆ ಇನ್ನೂ ಎರಡು ಪ್ರಶ್ನೆ ಕೇಳಬೇಕು: ದೂರ ಸಿಗುತ್ತಾ, ಅಂದರೆ ದೂರದ್ದು ಸ್ಪಷ್ಟವಾಗಿ ಬರುತ್ತಾ; ಮೀಟರ್ ನಡೆಯುತ್ತಾ, ಅಂದರೆ ಕ್ಯಾಮೆರಾ ಬೆಳಕು ಅಳೆಯುತ್ತಾ?

ಮೌಂಟ್‌ಗೆ ‘ಬಾಯಿ’ ಸಾಕು. ಬಿಂದಿಗೆಗೆ ಬಾಯಿ ಇಲ್ವಾ, ಹಾಗೆ. ಬಾಯಿಗೆ ಅಗಲ ಇದೆ, ಆಳ ಇದೆ. ಬಾಯಿಯ ಅಂಚಿನಿಂದ ಒಳಗೆ ಚಿತ್ರ ಹಿಡಿಯುವ ಸೆನ್ಸರ್‌ವರೆಗಿನ ದೂರವೇ ಆಳ. ನಿಕಾನ್ ಎಫ್ ಬಾಯಿ 1959ರಿಂದ ಇದೆ. ಅಗಲ 44 ಎಂ.ಎಂ., ಆಳ 46.5. ನಿಮ್ಮ ಟಕುಮಾರ್‌ನದು ಎಂ42 ತಿರುಪು. 42 ಎಂ.ಎಂ. ಅಗಲ, ಒಂದು ಸುತ್ತಿಗೆ ಒಂದು ಎಂ.ಎಂ. ಮುಂದೆ ಹೋಗುತ್ತದೆ. ಅದು ಬಯಸುವ ಆಳ 45.46.

ಒಂದು ಎಂ.ಎಂ. ಏನು ಮಹಾ ಅನ್ನಬೇಡಿ. ಟಕುಮಾರನ್ನು ನಿಕಾನ್ ಎಫ್ ಬಾಡಿಗೆ ಅಡಾಪ್ಟರ್ ಹಾಕಿ ಕೂರಿಸಿದರೆ, ಅದು ಇರಬೇಕಾದ್ದಕ್ಕಿಂತ ಒಂದು ಎಂ.ಎಂ. ಜಾಸ್ತಿ ಮುಂದೆ ನಿಲ್ಲುತ್ತದೆ. ಸುಮಾರು ಮೂರು ಮೀಟರ್ ಆಚೆಗೆ ಫೋಕಸ್ ಸಿಗಲ್ಲ. ಲಾಲ್‌ಬಾಗಿಗೆ ಹೋದರೆ ಗುಲಾಬಿ ಚೆನ್ನಾಗಿ ಬರುತ್ತದೆ, ಬಂಡೆ ಮೇಲಿನ ಕೆಂಪೇಗೌಡ ಗೋಪುರ ಮಸುಕು. ನಡುವೆ ಗಾಜು ಇರುವ ಅಡಾಪ್ಟರ್ ಸಿಗುತ್ತದೆ, ದೂರವೂ ಸಿಗುತ್ತದೆ, ಆದರೆ ಚಿತ್ರ ಕೆಡುತ್ತದೆ. ಕ್ಯಾನನ್ ಇಎಫ್ ಬಾಡಿಯ ಆಳ 44. ಅಲ್ಲಿ ಅದೇ ಟಕುಮಾರ್ ತೆಳುವಾದ ರಿಂಗಿನ ಮೇಲೆ ಸರಿಯಾಗಿ ನಿಲ್ಲುತ್ತದೆ.

ಕನ್ನಡಿ ಇಲ್ಲದ (ಮಿರರ್‌ಲೆಸ್) ಹೊಸ ಬಾಡಿಗಳ ಬಾಯಿಯ ಆಳ ತುಂಬ ಕಡಿಮೆ. ಸೋನಿ ಇ 18 ಎಂ.ಎಂ., ಕ್ಯಾನನ್ ಆರ್‌ಎಫ್ 20, ನಿಕಾನ್ ಝಡ್ 16. ಉಳಿದ ಆಳವನ್ನು ಅಡಾಪ್ಟರ್ ತುಂಬುತ್ತದೆ. ಎಫ್ ಲೆನ್ಸನ್ನು ಝಡ್ ಬಾಡಿಗೆ ಕೂರಿಸಲು 30.5 ಎಂ.ಎಂ. ಉದ್ದದ ಅಡಾಪ್ಟರ್ ಬೇಕು. ಒಳಗೆ ಗಾಜೇ ಬೇಡ, ಬರೀ ಟೊಳ್ಳು. ಅದಕ್ಕೇ ಇವು ಬಂದ ಮೇಲೆ ಹಳೆ ಲೆನ್ಸಿಗೆ ಮತ್ತೆ ಜೀವ ಬಂತು.

ಈಗ ನಿಮ್ಮಪ್ಪನ ಕೊಂಬಿನ ವಿಷಯ. ದಯವಿಟ್ಟು ಇದನ್ನು ಕರಪತ್ರದಲ್ಲಿ ಹಾಕಿ. ನಿಕಾನ್ 1977ರಲ್ಲಿ, ಲೆನ್ಸಿನ ಅಪರ್ಚರ್ (ಬೆಳಕು ಬಿಡುವ ಕಿಂಡಿ) ಎಷ್ಟಿದೆ ಅಂತ ಬಾಡಿಯ ಮೀಟರಿಗೆ ತಿಳಿಸುವ ಎಐ ಅನ್ನುವ ಪದ್ಧತಿ ತಂದಿತು. ಅದಕ್ಕಿಂತ ಹಳೆಯ ಲೆನ್ಸನ್ನು ಡಿ7000 ಥರದ ಬಾಡಿಗೆ ಕೂರಿಸಲು ಹೋದರೆ, ಬಾಯಿಯ ಅಂಚಿನಲ್ಲಿರುವ ಮೀಟರ್ ಹಲ್ಲಿಗೆ ಲೆನ್ಸಿನ ಬಳೆ ಒತ್ತುತ್ತದೆ. ಬಲವಂತವಾಗಿ ತಿರುಗಿಸಿ, ಹಲ್ಲು ಮುರಿದುಕೊಂಡು ನನ್ನ ಹತ್ತಿರ ಬಂದವರಿದ್ದಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಗುರುತು ಸುಲಭ. ಕೊಂಬು ಇಡೀ ಗಟ್ಟಿಯಾಗಿದೆಯೋ, ಬೆಳಕು ಬೀಳಲು ತೂತು ಇದೆಯೋ ನೋಡಿ. ಅಪರ್ಚರ್ ಅಂಕಿ ಒಂದೇ ಸಾಲೋ, ಕೆಳಗೆ ಇನ್ನೊಂದು ಸಣ್ಣ ಸಾಲು ಇದೆಯೋ ನೋಡಿ. ತೂತು, ಎರಡನೇ ಸಾಲು ಇದ್ದರೆ ಎಐ. ಎರಡೂ ಇಲ್ಲದಿದ್ದರೆ ಕೂರಿಸೋ ಮೊದಲು ಯಾರಿಗಾದರೂ ತೋರಿಸಿ. ಡಿಜಿಟಲ್ ಬಾಡಿಗಳ ಪೈಕಿ 2013ರಲ್ಲಿ ಬಂದ ನಿಕಾನ್ ಡಿಎಫ್‌ನಲ್ಲಿ ಮಾತ್ರ ಆ ಹಲ್ಲನ್ನು ಮಡಿಸಿ ಇಡಬಹುದು.

ಇನ್ನು ಡಿ3000, ಡಿ5000 ಸಾಲಿನ ಬಾಡಿಗಳು ಸೆಕೆಂಡ್ ಹ್ಯಾಂಡಿನಲ್ಲಿ ಅಗ್ಗ, ನೋಡಲು ಅಂದ. ಎಐ ಲೆನ್ಸ್ ಕೂರುತ್ತದೆ, ದೂರ ಸಿಗುತ್ತದೆ, ಮೀಟರ್ ನಡೆಯಲ್ಲ. ಡಿ7000 ಸಾಲಿನಲ್ಲಿ ಡಿ7500 ಬಿಟ್ಟು ಉಳಿದವುಗಳಲ್ಲಿ ಮೂರೂ ಆಗುತ್ತದೆ. ಇಷ್ಟನ್ನೆಲ್ಲ ‘ಹೊಂದಾಣಿಕೆ’ ಅನ್ನೋ ಒಂದೇ ಪದದಲ್ಲಿ ಹೇಗೆ ಹೇಳುತ್ತೀರಿ?

‘ಬಾಡಿ’ ಬಗ್ಗೆ ಒಂದು ಮಾತು. ಲಾರಿಗೆ ಬಾಡಿ ಕಟ್ಟುತ್ತಾರೆ. ಅದನ್ನು ಯಾರೂ ಹೆಣ ಅಂದುಕೊಳ್ಳಲ್ಲ.

ಜಯನಗರ, ಗುರುವಾರ ಮಧ್ಯಾಹ್ನ

ಮೇಲಿನವರ ಅನುಭವಕ್ಕೆ ಗೌರವವಿದೆ. ಆದರೆ ಹೀಗೆ ಬಾಡಿ, ಮೀಟರ್, ಅಡಾಪ್ಟರ್ ಅಂತ ಬಿಟ್ಟುಕೊಡುತ್ತ ಹೋದರೆ ಕನ್ನಡದಲ್ಲಿ ಉಳಿಯುವುದು ‘ಕೂರುತ್ತೆ’ ಒಂದೇ. 2024ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ (ತಿದ್ದುಪಡಿ) ಕಾಯ್ದೆ ಬೋರ್ಡಿನ 60% ಕನ್ನಡದಲ್ಲಿರಬೇಕು ಅನ್ನುತ್ತದೆ. ನಮ್ಮ ಮೇನ್ ರೋಡಿನಲ್ಲಿ ಈಗ ‘ಮೊಬೈಲ್ ಆಕ್ಸೆಸರೀಸ್ ಅಂಡ್ ಸರ್ವೀಸ್’ ಅಂತ ದೊಡ್ಡ ದೊಡ್ಡ ಕನ್ನಡ ಅಕ್ಷರ. ಅಕ್ಷರ ನಮ್ಮದು, ಮಾತು ಯಾರದು? ಕಷ್ಟವಾದರೂ ಒಡಲು, ಬೇಳೆಗಾಜು ಬಳಸಿ. ಹತ್ತು ಸಲ ಓದಿದರೆ ಅಭ್ಯಾಸವಾಗುತ್ತದೆ.

ಮಲ್ಲೇಶ್ವರ, ಗುರುವಾರ ಮಧ್ಯಾಹ್ನ

ಆಗುವುದಿಲ್ಲ. ಚಾವಿ, ಪಗಾರ ಎರಡೂ ಪೋರ್ಚುಗೀಸರಿಂದ ಬಂದವು. ಅವನ್ನು ತೆಗೆದು ಮಾತಾಡಿ ತೋರಿಸಿ. ಎರವಲು ತಪ್ಪಲ್ಲ. ಎರವಲು ತಂದ ಪದಕ್ಕೆ ಕನ್ನಡದ ಪ್ರತ್ಯಯ ಹತ್ತಬೇಕು, ಅದು ಮುಖ್ಯ. ‘ಲೆನ್ಸ್‌ಗೆ’ ಎಂದು ಅರ್ಧಕ್ಕೆ ನಿಲ್ಲಿಸಿ ಬರೆಯುತ್ತಿದ್ದೀರಲ್ಲ, ನನ್ನ ತಕರಾರು ಅದರ ಮೇಲೆ. ಬಸ್ಸು ಬಸ್ಸಿಗೆ ಆಯಿತು. ಲೆನ್ಸು ಲೆನ್ಸಿಗೆ ಆಗಲಿ.

ವಿಜಯನಗರ, ಗುರುವಾರ ಸಂಜೆ

ನಿನ್ನೆ ಮಸೂರ ಬೇಕಿತ್ತು, ಈಗ ಲೆನ್ಸು ಆಗಬಹುದು. ಒಂದು ನಿಲುವಿನಲ್ಲಿ ನಿಲ್ಲಿ ಮೇಷ್ಟ್ರೇ. ಚಾವಿ ತಂದದ್ದು ನಮ್ಮ ಹತ್ತಿರ ಪದ ಇಲ್ಲದೆ ಅಲ್ಲ, ‘ಬೀಗದಕೈ’ ಇತ್ತು, ಇದೆ. ಪಕ್ಕಕ್ಕೆ ತಳ್ಳಿದವರು ನಾವೇ. ನನಗೆ ಬೇಜಾರು ಅದಕ್ಕೆ.

ಬಸವನಗುಡಿ, ಗುರುವಾರ ರಾತ್ರಿ

ಎಲ್ಲರಿಗೂ ಋಣಿ. ಪ್ರೆಸ್ಸಿಗೆ ಕಳಿಸುವ ಮೊದಲು ಏನು ಉಳಿಸಿಕೊಂಡೆ ಅಂತ ಹೇಳಬೇಕು.

ರಾಜಾಜಿನಗರದ ಸರ್, ನಿಮ್ಮ ಮೂರು ಪ್ರಶ್ನೆ ಓದಿದ ತಕ್ಷಣ ಡಬ್ಬಿ ಇಳಿಸಿದೆ. 50ರ ಕೊಂಬು ಗಟ್ಟಿ, ತೂತಿಲ್ಲ. ಅಂಕಿ ಒಂದೇ ಸಾಲು. 105ಕ್ಕೆ ಎರಡು ಸಾಲು. ಇದೇ ವಾರ ಒಂದು ಡಿ7000 ಕೊಳ್ಳುವವಳಿದ್ದೆ. ಹೊಂದಾಣಿಕೆಯಾಗುತ್ತೆ ಅಂತ ಅಂಗಡಿಯಲ್ಲಿ ಹೇಳಿದ್ದರು. 105ರ ಮಟ್ಟಿಗೆ ಅದು ನಿಜ. ಮನೆಗೆ ತಂದು ನಾನು ಮೊದಲು ಕೂರಿಸುತ್ತಿದ್ದದ್ದು 50, ಅಪ್ಪ ಯಾವಾಗಲೂ ಕೈಯಲ್ಲಿ ಹಿಡಿಯುತ್ತಿದ್ದದ್ದು ಅದೇ. ಆ ಒಂದು ಪದ ನಂಬಿದ್ದರೆ ಹಲ್ಲು ಮುರಿಯುತ್ತಿತ್ತು. ಆದ್ದರಿಂದ ‘ಹೊಂದಾಣಿಕೆ’ ಕರಪತ್ರದಲ್ಲಿ ಎಲ್ಲೂ ಇರುವುದಿಲ್ಲ. ಕೂರುತ್ತಾ, ದೂರ ಸಿಗುತ್ತಾ, ಮೀಟರ್ ನಡೆಯುತ್ತಾ, ಈ ಮೂರೇ ದೊಡ್ಡ ಅಕ್ಷರದಲ್ಲಿ.

‘ಬಾಯಿ’ ಇಟ್ಟುಕೊಂಡೆ. ‘ಬಾಯಿ, ಅಂಗಡಿಯವರು ಮೌಂಟ್ ಅನ್ನುತ್ತಾರೆ’ ಅಂತ ಮೊದಲ ಸಲ ಮಾತ್ರ ಹೇಳಿ, ಆಮೇಲೆ ಬಾಯಿ ಅಂತಲೇ. ಆಳವೂ ಹಾಗೆಯೇ. ಅಮ್ಮನಿಗೆ ಹೇಳಿದೆ: ಬಾಯಿ ಒಂದೇ ಆದರೂ ಆಳ ತಪ್ಪಿದರೆ ದೂರ ಸಿಗಲ್ಲ. ತಕ್ಷಣ ತಿಳಿಯಿತು ಅವರಿಗೆ. ಅಡಾಪ್ಟರಿಗೆ ‘ಬಳೆ’ ತುಂಬ ಇಷ್ಟವಾಗಿತ್ತು ವಿಜಯನಗರದ ಸರ್, ಆದರೆ ಲೆನ್ಸಿನ ಮೇಲೆ ತಿರುಗಿಸುವುದೂ ಬಳೆಯೇ. ಓದುವವರು ಯಾವ ಬಳೆ ಅಂತ ತಡಕಾಡಬಾರದು. ಅದಕ್ಕೆ ‘ನಡುಬಳೆ’ ಅಂತ ಮಾಡಿದೆ, ಬಾಡಿಗೂ ಲೆನ್ಸಿಗೂ ನಡುವೆ ಕೂರುವುದರಿಂದ.

ಬೇಳೆಗಾಜು ಹಾಕುತ್ತಿಲ್ಲ. ಲೆನ್ಸು, ಮಸೂರ ಎರಡೂ ಒಂದೇ ಕಾಳು ಅನ್ನೋದು ನನಗೆ ಹೊಸದು, ಭಾನುವಾರ ಬಂದವರಿಗೆಲ್ಲ ಹೇಳುತ್ತೇನೆ. ಆದರೆ ಅಪ್ಪ ಮೂವತ್ತು ವರ್ಷ ‘ಲೆನ್ಸು ಒರೆಸು, ಲೆನ್ಸು ಮುಟ್ಟಬೇಡ’ ಅಂದದ್ದು ಕನ್ನಡದಲ್ಲೇ. ಅದನ್ನು ಇಂಗ್ಲಿಷ್ ಅಂತ ತೆಗೆಯಲು ನನ್ನಿಂದಾಗಲ್ಲ. ಬಾಡಿಯೂ ಇರಲಿ.

ಬಳುವಳಿ ಬಗ್ಗೆ ಬಹಳ ಹೊತ್ತು ಯೋಚಿಸಿದೆ. ಪದ ಚೆನ್ನಾಗಿದೆ. ಆದರೆ ಬಳುವಳಿಯನ್ನು ಕೊಡುವವರು ಕೈಯಾರೆ ಕೊಡುತ್ತಾರೆ. ನಮ್ಮ ಬೀದಿಯವರ ಲೆನ್ಸು ಯಾರೂ ಕೊಟ್ಟದ್ದಲ್ಲ, ಬೀರುವಿನ ಮೇಲೆ ಉಳಿದದ್ದು. ಅಪ್ಪನೂ ಇದು ನಿನಗೆ ಅಂತ ಹೇಳಲಿಲ್ಲ. ಅದಕ್ಕೆ ಬೋರ್ಡಿನ ಮೇಲೆ ಇಷ್ಟೇ:

ಮನೆಯ ಹಳೆ ಲೆನ್ಸಿಗೆ ತಕ್ಕ ಬಾಡಿ

ನನಗೆ ತಕ್ಕದ್ದು ಕನ್ನಡಿ ಇಲ್ಲದ, ಪೂರ್ಣ ಅಳತೆಯ (ಹಳೆ ಫಿಲ್ಮಿನಷ್ಟೇ ದೊಡ್ಡ) ಸೆನ್ಸರ್ ಇರುವ ಸೆಕೆಂಡ್ ಹ್ಯಾಂಡ್ ಬಾಡಿ, ಮತ್ತು ಎರಡು ನಡುಬಳೆ. ಮೂರೂ ಲೆನ್ಸು ಕೂರುತ್ತವೆ. ಚಿಕ್ಕ ಸೆನ್ಸರ್ ಇನ್ನೂ ಅಗ್ಗವಿತ್ತು, ಆದರೆ ಅಲ್ಲಿ ಅಪ್ಪನ 50 ಎಂ.ಎಂ. ಲೆನ್ಸು 75 ಎಂ.ಎಂ. ಲೆನ್ಸಿನ ಹಾಗೆ ಕಾಣುತ್ತದೆ, ಇನ್ನೂ ಹಿಂದೆ ನಿಲ್ಲಬೇಕಾಗುತ್ತದೆ. ಅವರು ಎಷ್ಟು ದೂರ ನಿಂತು ಮದುಮಕ್ಕಳ ಫೋಟೋ ತೆಗೆದರೋ ಅಲ್ಲೇ ನಿಂತು ತೆಗೆಯಬೇಕು ನನಗೆ.

ಮಲ್ಲೇಶ್ವರ, ಶುಕ್ರವಾರ ಬೆಳಿಗ್ಗೆ

‘ತಕ್ಕ’ ಸರಿ. ‘ಲೆನ್ಸಿಗೆ’ ಸರಿ. ‘ನಡುಬಳೆ’ಯನ್ನು ಒಂದೇ ಪದವಾಗಿ ಅಚ್ಚು ಮಾಡಿಸಿ, ನಡುವೆ ಜಾಗ ಬಿಡಬೇಡಿ. ಬೂಷ್ಟು ಹಿಡಿದ 105ನ್ನು ಭಾನುವಾರದವರೆಗೆ ಬೇರೆ ಡಬ್ಬಿಯಲ್ಲಿಡಿ ತಾಯಿ, ಉಳಿದೆರಡಕ್ಕೆ ಹತ್ತೀತು.