ಪಿತ್ರಾರ್ಜಿತ: ಅಪ್ಪ ಗಳಿಸಿದ್ದೋ, ಹಿರಿಯರು ಬಿಟ್ಟುಹೋದದ್ದೋ?

ಎಲ್ಲರಿಗೂ ನಮಸ್ಕಾರ. 'ಪಿತ್ರಾರ್ಜಿತ ಆಸ್ತಿ' ಎಂಬ ಮಾತನ್ನು ನೀವು ಯಾವ ಅರ್ಥದಲ್ಲಿ ಬಳಸುತ್ತೀರಿ? ಸುಮ್ನೆ ಕುತೂಹಲಕ್ಕೆ ಕೇಳುತ್ತಿಲ್ಲ. ಪುಣೆಯಲ್ಲಿ ನಮ್ಮ ಸೊಸೈಟಿಯಲ್ಲೇ ಇರುವ ಜಮಖಂಡಿ ಕಡೆಯ ಕಾಕಾ ಒಬ್ಬರು ಊರಿನ ಜಮೀನಿಗೆ ವಾಟಣಿ ಪತ್ರ, ಅಂದರೆ ಪಾಲುಪತ್ರ, ಮಾಡಿಸುತ್ತಿದ್ದಾರೆ. ಊರಿನ ಬಾಂಡ್ ರೈಟರ್ ಕನ್ನಡದಲ್ಲಿ ಬರೆದು ಕಳಿಸಿದ ಕರಡು ಒಂದು ಕಡೆ, ಇಲ್ಲಿಯ ವಕೀಲರು ಅದರ ಮೇಲೆ ಮರಾಠಿಯಲ್ಲಿ ಹಾಕಿದ ಟಿಪ್ಪಣಿ ಇನ್ನೊಂದು ಕಡೆ. ಎರಡನ್ನೂ ಹೊಂದಿಸಿ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿದೆ.

ಕರಡಿನಲ್ಲಿ ಎರಡು ತುಂಡು ಜಮೀನಿದೆ. ಒಂದು ಕಾಕಾನ ಮುತ್ತಜ್ಜನ ಕಾಲದಿಂದ ಬಂದ ಎರಿ ಹೊಲ. ಇನ್ನೊಂದು, ಅವರ ಅಪ್ಪ ಖಡಕಿಯ ಕಾರ್ಖಾನೆಯಲ್ಲಿ ದುಡಿದು, ರಿಟೈರ್ ಆದಾಗ ಬಂದ ಪಿಎಫ್ ದುಡ್ಡಿನಲ್ಲಿ ಕೊಂಡದ್ದು. ಬಾಂಡ್ ರೈಟರ್ ಎರಡನ್ನೂ ಸೇರಿಸಿ 'ನಮ್ಮ ಪಿತ್ರಾರ್ಜಿತ ಜಮೀನುಗಳು' ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ವಕೀಲರು ಮೊದಲನೆಯದರ ಪಕ್ಕ 'ವಡಿಲೋಪಾರ್ಜಿತ' (ಹಿರಿಯರಿಂದ ಬಂದದ್ದು), ಎರಡನೆಯದರ ಪಕ್ಕ ಕೆಂಪು ಶಾಯಿಯಲ್ಲಿ 'ಸ್ವಕಷ್ಟಾರ್ಜಿತ' (ಸ್ವಂತ ದುಡಿದು ಗಳಿಸಿದ್ದು) ಅಂತ ಬರೆದು ಪ್ರಶ್ನೆಚಿಹ್ನೆ ಹಾಕಿದ್ದಾರೆ. ಕಾಕಾಗೆ ಸಿಟ್ಟು. "ನಮ್ಮಪ್ಪ ಗಳಿಸಿದ್ದು ಪಿತ್ರಾರ್ಜಿತ ಅಲ್ಲಂದ್ರ ಮತ್ತೇನೋ ತಮ್ಮಾ?"

ಪದ ಬಿಡಿಸಿದರೆ ಕಾಕಾನ ಮಾತೇ ಸರಿ ಅನ್ನಿಸುತ್ತದೆ. ಪಿತೃ ಅಂದರೆ ಅಪ್ಪ, ಅರ್ಜಿತ ಅಂದರೆ ಗಳಿಸಿದ್ದು. ಆದರೆ ಪಿತೃ ಅಂದರೆ ಅಪ್ಪ ಒಬ್ಬನೇ ಅಲ್ಲವಲ್ಲ. ಪಿತೃಪಕ್ಷದಲ್ಲಿ ಎಡೆ ಇಡುವುದು ಅಜ್ಜ ಮುತ್ತಜ್ಜರಿಗೂ ಸೇರಿಸಿಯೇ. ಈ ಪದದೊಳಗಿನ ಪಿತೃ ಆ ಪಿತೃಗಳೇ ಇರಬೇಕು ಅಂತ ನನ್ನ ಊಹೆ. ಮರಾಠಿಯ ವಡಿಲೋಪಾರ್ಜಿತದಲ್ಲೂ ಇದೇ ಗೊಂದಲ: ವಡೀಲ್ ಅಂದರೆ ಈಗ ಎಲ್ಲರಿಗೂ ಅಪ್ಪ, ಆದರೆ 'ವಡೀಲಧಾರಿ' ಅಂದಾಗ ಮನೆಯ ಹಿರಿಯರೆಲ್ಲ ಬಂದರು.

ಹಾಗಂತ ಕಾಕಾನ ಅರ್ಥವನ್ನು ತಪ್ಪು ಅಂತ ತಳ್ಳಿಹಾಕಲೂ ಆಗುವುದಿಲ್ಲ. ಹಿಂದೂ ಆಸ್ತಿ ಹಂಚಿಕೆಯ ಈ ಕಟ್ಟಳೆ ಹುಟ್ಟಿದ್ದೇ ನಮ್ಮ ಬಸವಕಲ್ಯಾಣದಲ್ಲಿ, ಚಾಲುಕ್ಯ ಆರನೇ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ವಿಜ್ಞಾನೇಶ್ವರ ಬರೆದ ಮಿತಾಕ್ಷರ ಎಂಬ ಗ್ರಂಥದಿಂದ. ಅವನು ದಾಯವನ್ನು, ಅಂದರೆ ವಾರಸಾಗಿ ಬರುವ ಆಸ್ತಿಯನ್ನು, 'ಅಪ್ರತಿಬಂಧ ದಾಯ', 'ಸಪ್ರತಿಬಂಧ ದಾಯ' ಅಂತ ಎರಡು ಮಾಡಿದ. ಮೊದಲನೆಯದರಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು, ಎರಡನೆಯದು ಒಡೆಯ ಮಕ್ಕಳಿಲ್ಲದೆ ಸತ್ತಾಗ ತಮ್ಮನಿಗೋ ಚಿಕ್ಕಪ್ಪನಿಗೋ ಹೋಗುವಂಥದ್ದು. ಆ ಪದ್ಧತಿಯಲ್ಲಿ ಅಪ್ಪ ಸ್ವಂತ ಗಳಿಸಿದ್ದೂ ಅವನು ತೀರಿಕೊಂಡು ಮಗನ ಕೈಗೆ ಬಂದ ಕೂಡಲೇ, ಆ ಮಗನ ಮಕ್ಕಳ ಮಟ್ಟಿಗೆ ಹಿರಿಯರ ಆಸ್ತಿಯಾಗುತ್ತಿತ್ತು. ಅಂದರೆ ಪಿತ್ರಾರ್ಜಿತವನ್ನು ಹೇಗೆ ಬಿಡಿಸಿಕೊಂಡರೂ ಲೆಕ್ಕ ಸುಮಾರಾಗಿ ಒಂದೇ ಕಡೆ ಬಂದು ನಿಲ್ಲುತ್ತಿತ್ತು.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಇದು ಮುರಿಯಿತು. ಅಪ್ಪ ಸ್ವಂತ ಗಳಿಸಿದ್ದು, ವಿಲ್ ಇಲ್ಲದೆ ಅವನು ತೀರಿಕೊಂಡರೆ, ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ ಇದ್ದರೆ ತಾಯಿ, ಎಲ್ಲರಿಗೂ ಸಮನಾಗಿ ಹೋಗುತ್ತದೆ. ಹಾಗೆ ಮಗನಿಗೆ ಬಂದದ್ದು ಅವನ ಸ್ವಂತದ್ದು, ಮೊಮ್ಮಕ್ಕಳಿಗೆ ಅದರಲ್ಲಿ ಹುಟ್ಟಿನ ಹಕ್ಕಿಲ್ಲ ಅಂತ ಸುಪ್ರೀಂ ಕೋರ್ಟ್ 1986ರಲ್ಲಿ ಹೇಳಿತು. ಕಾಯ್ದೆ ಬದಲಾಯಿತು, ಪದ ಮಾತ್ರ ಹಾಗೇ ಉಳಿಯಿತು. ನನಗೆ ಕಾಣುವ ತೊಡಕು ಇಷ್ಟೇ.

ಒಂದು ಪದದಿಂದ ಎಷ್ಟು ವ್ಯತ್ಯಾಸ ಆಗುತ್ತಿತ್ತು ಅನ್ನುವುದಕ್ಕೆ ಖಂಡಪ್ಪ ಮಗ್ದುಂ ಅವರ ಮನೆಯ ಹಳೆಯ ಕೇಸು ನೋಡಿ. 1960ರಲ್ಲಿ ಅವರು ತೀರಿಕೊಂಡಾಗ ಹೆಂಡತಿ ಹೀರಾಬಾಯಿ, ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು ಇದ್ದರು. ಒಟ್ಟು ಕುಟುಂಬದ ಆಸ್ತಿ. 1978ರಲ್ಲಿ ಸುಪ್ರೀಂ ಕೋರ್ಟ್ ಲೆಕ್ಕ ಹಾಕಿದ್ದು ಹೀಗೆ: ಖಂಡಪ್ಪ ಸಾಯುವ ಮುಂಚೆ ಪಾಲಾಗಿತ್ತು ಅಂತ ಅಂದುಕೊಳ್ಳಿ, ಆಗ ಗಂಡ, ಹೆಂಡತಿ, ಇಬ್ಬರು ಗಂಡುಮಕ್ಕಳಿಗೆ ಕಾಲು ಕಾಲು. ಆಮೇಲೆ ಖಂಡಪ್ಪನ ಆ ಕಾಲು ಭಾಗ ಆರು ಜನಕ್ಕೆ, ಅಂದರೆ ತಲೆಗೆ 1/24. ಹೀರಾಬಾಯಿಗೆ ಎರಡೂ ಕೂಡಿ 7/24. ಅದೇ ಲೆಕ್ಕದಲ್ಲಿ ಒಬ್ಬೊಬ್ಬ ಅಣ್ಣತಮ್ಮನಿಗೂ 7/24, ಒಬ್ಬೊಬ್ಬ ಅಕ್ಕತಂಗಿಗೆ ಬರೀ 1/24. ಅದೇ ಆಸ್ತಿ ಖಂಡಪ್ಪನ ಸ್ವಂತ ಗಳಿಕೆ ಆಗಿದ್ದರೆ ಆರೂ ಜನಕ್ಕೆ ಆರನೇ ಒಂದು. ಹೆಣ್ಣುಮಗಳ ಪಾಲು ನಾಲ್ಕು ಪಟ್ಟು!

ಮಹಾರಾಷ್ಟ್ರ, ಕರ್ನಾಟಕ ಎರಡೂ 1994ರಲ್ಲೇ ಹೆಣ್ಣುಮಕ್ಕಳಿಗೆ ಹುಟ್ಟಿನ ಹಕ್ಕು ಕೊಟ್ಟವು, ಆದರೆ ಅಷ್ಟರೊಳಗೆ ಮದುವೆಯಾಗಿದ್ದವರನ್ನು ಬಿಟ್ಟವು. 2005ರ ಸೆಪ್ಟೆಂಬರ್ 9ರಿಂದ ದೇಶಕ್ಕೆಲ್ಲ ಬಂದ ತಿದ್ದುಪಡಿಯಲ್ಲಿ ಆ ಭೇದವೂ ಹೋಯಿತು. ಅವತ್ತು ಅಪ್ಪ ಬದುಕಿರಲೇಬೇಕು ಅಂತೇನಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿತು. ಈಗಿನ ಕಾಯ್ದೆಯಲ್ಲಿ ಮಗ್ದುಂ ಮನೆಯಂಥದ್ದೇ ಸಂಸಾರಕ್ಕೆ ಮತ್ತೆ ಲೆಕ್ಕ ಹಾಕಿ ನೋಡಿ, ಮೊದಲು ಏಳು ಪಾಲು, ಅಪ್ಪನ ಏಳನೇ ಒಂದು ಮತ್ತೆ ಆರು ಜನಕ್ಕೆ, ಕೊನೆಗೆ ಎಲ್ಲರಿಗೂ ಆರನೇ ಒಂದೇ ಬರುತ್ತದೆ. ಮಜಾ ಅಲ್ವಾ? ಹಾಗಾದರೆ ಈಗ ಯಾವ ಪದ ಬರೆದರೇನು ಅಂತ ಕಾಕಾ ಕೇಳಿದರು. ವಿಲ್ ಇಲ್ಲದಿದ್ದರೆ ಹೆಚ್ಚಿನಂಶ ಏನೂ ಆಗುವುದಿಲ್ಲ. ವಿಲ್ ಇದ್ದರೆ ಎಲ್ಲವೂ ಬದಲಾಗುತ್ತದೆ. ಸ್ವಂತ ಗಳಿಕೆಯನ್ನು ಅಪ್ಪ ಯಾರಿಗೆ ಬೇಕಾದರೂ ಬರೆದಿಡಬಹುದು. ಹಿರಿಯರಿಂದ ಬಂದದ್ದರಲ್ಲಿ ಅವನ ಪಾಲಿನಷ್ಟನ್ನು ಮಾತ್ರ.

ಇದರ ಜೊತೆಗೆ ಪಹಣಿಯ 'ಜಂಟಿ' ಬೇರೆ. ಎರಡೂ ಜಮೀನಿನ ಪಹಣಿಯಲ್ಲಿ ಕಾಕಾ ಮತ್ತು ತಂಗಿಯ ಹೆಸರಿನ ಮುಂದೆ ಜಂಟಿ ಅಂತಿದೆ, ಅದನ್ನೇ ತೋರಿಸಿ "ನೋಡು, ಅವಿಭಕ್ತ ಅಂತ ಸರ್ಕಾರಾನೇ ಬರದದ" ಅನ್ನುತ್ತಾರೆ. ಜಂಟಿ ಅಂದರೆ ಇನ್ನೂ ಅಳೆದು ಬೇರೆ ಮಾಡಿಲ್ಲ ಅಂತ, ಅಷ್ಟೇ. ನಾನೂ ಹೆಂಡತಿಯೂ ಸಾಲ ಮಾಡಿ ಕೊಂಡ ಫ್ಲ್ಯಾಟೂ ಜಂಟಿಯೇ. ಅದಕ್ಕೂ ಒಟ್ಟು ಕುಟುಂಬಕ್ಕೂ ಸಂಬಂಧವಿಲ್ಲ.

ಇನ್ನು ಸ್ವಂತ ಗಳಿಕೆಗೆ ಕನ್ನಡದಲ್ಲಿ ಬಳಸುವ 'ಸ್ವಯಾರ್ಜಿತ'. ಸ್ವಯಂ ಜೊತೆ ಅರ್ಜಿತ ಕೂಡಿದರೆ ಸ್ವಯಮರ್ಜಿತ ಆಗಬೇಕು, ಸ್ವ ಕೂಡಿದರೆ ಸ್ವಾರ್ಜಿತ. ಪಿತ್ರಾರ್ಜಿತದ ಪ್ರಾಸಕ್ಕೆ ಸ್ವಯಾರ್ಜಿತ ಹುಟ್ಟಿರಬೇಕು. ವ್ಯಾಕರಣ ಏನೇ ಹೇಳಲಿ, ಕೋರ್ಟು ಕಚೇರಿಯಲ್ಲಿ ನಡೆಯುವುದು ಅದೇ. ನಾನಂತೂ ತಿದ್ದಲು ಹೋಗುವುದಿಲ್ಲ. ಕರಡಿನಲ್ಲಿ ಮಾತ್ರ ಪಿತ್ರಾರ್ಜಿತ ತೆಗೆದು, ಒಂದಕ್ಕೆ 'ಹಿರಿಯರಿಂದ ಬಂದ ಒಟ್ಟು ಕುಟುಂಬದ ಜಮೀನು', ಇನ್ನೊಂದಕ್ಕೆ 'ತಂದೆಯವರ ಸ್ವಂತ ಗಳಿಕೆಯ ಜಮೀನು' ಅಂತ ಬರೆಯಲು ಹೇಳಿದ್ದೇನೆ. ಬಾಂಡ್ ರೈಟರ್ ಒಪ್ಪಿದ್ದಾರೆ.

ನನ್ನ ನಿಜವಾದ ತಲೆನೋವು, ಹುಟ್ಟಿನಿಂದ ಹಕ್ಕಿರುವವರನ್ನು ಏನೆಂದು ಕರೆಯಬೇಕು ಅನ್ನುವುದು. ದಾಯ ಉಳ್ಳವರು ದಾಯಾದಿಗಳು, ಸರಿ. ಆದರೆ ದಾಯಾದಿ ಅಂದ ಕೂಡಲೇ ಜನಕ್ಕೆ ಜಗಳ ನೆನಪಾಗುತ್ತದೆ, ಭಾರತ ಪಾಕಿಸ್ತಾನ ಕ್ರಿಕೆಟ್ ಇದ್ದಾಗಲೆಲ್ಲ ಪೇಪರಿನವರು ಆ ಪದವನ್ನು ಎಳೆದು ತರುತ್ತಾರೆ. ಕಾಕಾನ ತಂಗಿಯನ್ನು ದಾಯಾದಿ ಅಂತ ಬರೆದರೆ ಅವರು ಸಹಿ ಹಾಕುವುದು ಹಾಗಿರಲಿ, ಮನೆಗೇ ಬರಲಿಕ್ಕಿಲ್ಲ. 'ಸಹಪಾಲುದಾರರು' ಅಂದರೆ ಅಂಗಡಿ ವ್ಯವಹಾರದಂತೆ ಕೇಳುತ್ತದೆ. 'ಸಮಪಾಲಿನವರು' ನಡೆದೀತೇ?

ಮುಂಬೈಯಲ್ಲಿರುವ ಕರಾವಳಿಯವರಿಗೆ ಇನ್ನೊಂದು ಪ್ರಶ್ನೆ. ಅಳಿಯಸಂತಾನದ ಮನೆಗಳಲ್ಲಿ ಆಸ್ತಿ ಬಂದದ್ದು ತಾಯಿಯ ಕಡೆಯಿಂದ, ಅಲ್ಲಿ 'ಪಿತೃ'ವಿಗೆ ಜಾಗವೇ ಇಲ್ಲ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯಲ್ಲಿ ಕುಟುಂಬ, ಕವರು (ತಾಯಿಯ ಕಡೆಯಿಂದ ಬಂದ ಕುಟುಂಬದ ಕವಲು) ಅನ್ನುವ ಪದಗಳಿವೆ. ನಿಮ್ಮ ಹಳೆಯ ಪಾಲುಪಟ್ಟಿಗಳಲ್ಲಿ ಆಸ್ತಿಗೆ ಏನೆಂದು ಬರೆದಿದ್ದಾರೆ? ಮತ್ತು ಅಂಥ ಮನೆಗಳ ಹುಡುಗರು ಈಗ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋದಾಗ, ಅಲ್ಲೂ ಪಿತ್ರಾರ್ಜಿತ ಅಂತಲೇ ಬರೆಸಿಕೊಂಡು ಬರುತ್ತಿದ್ದಾರೆಯೇ?